ಎದೆ ಢವಗುಟ್ಟೋ ಸಂಬಂಧನೋ, ನೆಮ್ಮದಿ ಸಂಬಂಧನೋ? ಲಗ್ನದ ಮೊದಲ ಪರೀಕ್ಷೆ ಮಾಡೋದು ಹ್ಯಾಂಗ?

ಬಿಸಿಲೂರು_ಹುಡುಗಿ (ಕಲಬುರಗಿ)

ಎಲ್ಲಾರಿಗೂ ನಮಸ್ಕಾರ್ರಿ. ಉದ್ದ ಕಥಿ ಹೇಳೋದಿಲ್ಲ, ಪ್ರಶ್ನಿ ಅಷ್ಟೇ ಇಡ್ತೀನಿ. ಇಬ್ಬರ ನಡುವ ಒಬ್ಬರನ್ನ ಆರಿಸ್ಕೋಬೇಕು. ಒಬ್ಬ ಬೆಂಗಳೂರಾಗ ಅದಾನ. ಮಾತಿಗೆ ಕುಂತ್ರ ರಾತ್ರಿ ಎರಡರ ತನಕ ನಡೀತದ, ಆಮ್ಯಾಲ ನಾಲ್ಕು ದಿನ ಸುದ್ದಿನೇ ಇಲ್ಲ. ಇನ್ನೊಬ್ಬ ಇಲ್ಲೇ ಕಲಬುರಗಿಯಾಗ. ಎಂಟಕ್ಕ ಫೋನ್ ಮಾಡ್ತೀನಿ ಅಂದ್ರ ಎಂಟಕ್ಕೇ ಮಾಡ್ತಾನ. ಮಾತು ಚಂದ, ಆದ್ರ ಎದ್ಯಾಗ ಢವಢವ ಅನ್ನೋದಿಲ್ಲ. ಮನ್ಯಾಗ ದೀಪಾವಳಿ ಒಳಗ ಏನಂತ ಹೇಳು ಅಂತಾರ.

ಮೂರು ಮಾತು ತಿಳೀಬೇಕಾಗ್ಯದ. ಎದೆ ಢವಗುಟ್ಟಲಿಲ್ಲ ಅಂದ್ರ ಪ್ರೀತಿ ಇಲ್ಲ ಅಂತನಾ? ಗಟ್ಟಿ ಮನುಷ್ಯ ಯಾರು, ಬರೀ ಸಪ್ಪಗಿನ ಮನುಷ್ಯ ಯಾರು ಅಂತ ಗುರುತು ಹಿಡಿಯೋದು ಹ್ಯಾಂಗ? ನೆಮ್ಮದಿ ಆರಿಸ್ಕೊಂಡವರು ಮುಂದ ಎಲ್ಲಿ ಎಡವ್ತಾರ? 'ಮನಸ್ಸಿನ ಮಾತು ಕೇಳು' ಅನ್ನೋ ಉಪದೇಶ ಬ್ಯಾಡ್ರಿ. ಮಾಡಿ ನೋಡೋ ಅಂಥದ್ದು ಹೇಳ್ರಿ.

ಕೆರೆ_ದಂಡೆ (ಕಲಬುರಗಿ)

ಮೊದಲ ಪ್ರಶ್ನೆಗೆ ನೇರ ಉತ್ತರ: ಹಾಗೇನಿಲ್ಲ. ಹೆದರಿಕೆಗೂ, ಕಾಯುವ ಚಡಪಡಿಕೆಗೂ, ಆಕರ್ಷಣೆಗೂ ಎದೆ ಒಂದೇ ರೀತಿ ಹೊಡೆದುಕೊಳ್ಳುತ್ತದೆ. ಯಾವುದಕ್ಕೆ ಹೊಡೆದುಕೊಂಡಿತು ಎಂದು ಮನಸ್ಸು ಆಮೇಲೆ ಊಹೆ ಮಾಡುತ್ತದೆ, ಆ ಊಹೆ ಎಷ್ಟೋ ಸಲ ತಪ್ಪುತ್ತದೆ. 1974ರಲ್ಲಿ ಡಟನ್ ಮತ್ತು ಆರನ್ ಎಂಬ ಮನಶ್ಶಾಸ್ತ್ರಜ್ಞರು ಕೆನಡಾದ ವ್ಯಾಂಕೂವರ್ ಬಳಿಯ ಕ್ಯಾಪಿಲಾನೊ ತೂಗುಸೇತುವೆಯ ಮೇಲೆ ಇದನ್ನೇ ಪರೀಕ್ಷಿಸಿದರು. ಕೆಳಗೆ 230 ಅಡಿ ಆಳ, ಕಾಲಿಟ್ಟರೆ ಓಲಾಡುವ ಸೇತುವೆ. ಅದನ್ನು ದಾಟುತ್ತಿದ್ದ ಗಂಡಸರನ್ನು ಒಬ್ಬ ಯುವತಿ ಮಾತಾಡಿಸಿ, ಪ್ರಶ್ನಾವಳಿ ತುಂಬಿಸಿ, ಬೇಕಾದರೆ ವಿಚಾರಿಸಿ ಎಂದು ತನ್ನ ಫೋನ್ ನಂಬರ್ ಕೊಟ್ಟಳು. ನಂಬರ್ ಪಡೆದ 18 ಮಂದಿಯಲ್ಲಿ 9 ಮಂದಿ ಫೋನ್ ಮಾಡಿದರು. ತಗ್ಗಿನಲ್ಲಿದ್ದ ಗಟ್ಟಿ ಸೇತುವೆಯ ಮೇಲೆ ಅದೇ ಕೆಲಸ ಮಾಡಿದಾಗ 16ರಲ್ಲಿ ಇಬ್ಬರು ಮಾತ್ರ. ಆಳದ ಭಯದಿಂದ ಎದ್ದ ಬಡಿತವನ್ನು ಹಲವರು ಆಕೆಯ ಲೆಕ್ಕಕ್ಕೆ ಬರೆದುಕೊಂಡಿದ್ದರು.

ನಾಲ್ಕು ದಿನ ಸುದ್ದಿ ಇಲ್ಲದೆ ಐದನೇ ದಿನ ಬರುವ ಮೆಸೇಜು ಮಾಡುವುದೂ ಇದನ್ನೇ. ಅದರ ಮೇಲೆ ಇನ್ನೊಂದು ಗಂಟು ಬೀಳುತ್ತದೆ. ಕೊಕ್ಕಿನಿಂದ ಗುಂಡಿ ಕುಟ್ಟಿದ ಪ್ರತಿ ಸಲವೂ ಕಾಳು ಸಿಕ್ಕರೆ, ಕಾಳು ನಿಲ್ಲಿಸಿದ ಮೇಲೆ ಪಾರಿವಾಳ ಬೇಗ ಸುಮ್ಮನಾಗುತ್ತದೆ. ಯಾವಾಗ ಸಿಗುತ್ತದೆ ಎಂದು ಗೊತ್ತಿಲ್ಲದ ಹಾಗೆ ಆಗೊಮ್ಮೆ ಈಗೊಮ್ಮೆ ಸಿಕ್ಕರೆ ಬಿಡದೆ ಕುಟ್ಟುತ್ತಲೇ ಇರುತ್ತದೆ ಎಂದು ಮನಶ್ಶಾಸ್ತ್ರಜ್ಞ ಸ್ಕಿನ್ನರ್ ತೋರಿಸಿಕೊಟ್ಟು ದಶಕಗಳಾದವು. ಮಟಕಾ ಹಚ್ಚುವವರು ಸೋತರೂ ಬಿಡದಿರುವುದು ಈ ಕಾರಣಕ್ಕೇ. ಹಾಗಾಗಿ ಬೆಂಗಳೂರಿನವರ ಸೆಳೆತ ಹೆಚ್ಚು ಎನಿಸುವುದರಲ್ಲಿ ಅವರ ಗುಣ ಎಷ್ಟು, ಅವರ ಗೈರುಹಾಜರಿ ಎಷ್ಟು ಎಂದು ಬೇರೆ ಮಾಡಿ ನೋಡಬೇಕು.

ಬೇರೆ ಮಾಡುವ ದಾರಿ ಹೇಳುತ್ತೇನೆ. ಒಂದು ನೋಟ್‌ಬುಕ್, ಆರು ವಾರ, ಇಬ್ಬರಿಗೂ ಬೇರೆ ಬೇರೆ ಪುಟ. ಪ್ರತಿ ಪುಟದಲ್ಲಿ ನಾಲ್ಕು ಕಾಲಂ: ಏನು ಹೇಳಿದರು, ಏನು ಮಾಡಿದರು, ಮಾತಾಡುವ ಮುಂಚೆ ನಿಮ್ಮ ಮನಸ್ಸು ಹೇಗಿತ್ತು, ಮಾತಾಡಿದ ಮೇಲೆ ಹೇಗಿತ್ತು. ಅದೇ ದಿನ ಬರೆಯಿರಿ, ವಾರದ ಕೊನೆಗೆ ನೆನಪಿನಿಂದ ಬರೆದರೆ ಒಳ್ಳೆಯ ಗಳಿಗೆಗಳಷ್ಟೇ ಉಳಿದಿರುತ್ತವೆ. ಆರು ವಾರ ಆದ ಮೇಲೆ ಮೂರನೇ ಕಾಲಂ ಮೊದಲು ಓದಿ. ಅಲ್ಲಿ 'ಚಡಪಡಿಕೆ', 'ನಿದ್ದೆ ಇಲ್ಲ', 'ಏನು ತಪ್ಪು ಮಾಡಿದೆನೋ' ಎಂದಿದ್ದು, ನಾಲ್ಕನೆಯದರಲ್ಲಿ 'ಭಾರೀ ಖುಷಿ' ಎಂದಿದ್ದರೆ ಆ ಖುಷಿಯ ದೊಡ್ಡ ಪಾಲು ನೋವು ನಿಂತ ಸಮಾಧಾನ. ಮೂರರಲ್ಲಿ 'ಮಾಮೂಲು' ಇದ್ದು ನಾಲ್ಕರಲ್ಲಿ 'ಹಗುರ', 'ನಕ್ಕೆ' ಎಂದಿದ್ದರೆ ಅದು ಅವರು ತಂದದ್ದೇ. ಎರಡೂ ಕಡೆ 'ಮಾಮೂಲು, ಮಾಮೂಲು' ಎಂದೇ ಇದ್ದರೆ ಅದನ್ನೂ ಗಂಭೀರವಾಗಿ ತೆಗೆದುಕೊಳ್ಳಿ.

ಬರೆಯುವವರು ಸಾಮಾನ್ಯವಾಗಿ ದಾರಿ ತಪ್ಪುವುದು ಎರಡು ಕಡೆ. ಉಡುಗೊರೆ, ಸರ್‌ಪ್ರೈಸ್‌ಗಳನ್ನು ಎರಡನೇ ಕಾಲಂನಲ್ಲಿ ತುಂಬಿಬಿಡುತ್ತಾರೆ. ಅಲ್ಲಿ ಬರಬೇಕಾದದ್ದು ಕೊಟ್ಟ ಮಾತು ಮಾತ್ರ. ಇನ್ನು ಕೆಲವರು ಬೇಕೆಂದೇ ಫೋನ್ ಎತ್ತದೆ 'ಏನು ಮಾಡ್ತಾನೋ ನೋಡೋಣ' ಎಂದು ಪರೀಕ್ಷೆ ಒಡ್ಡುತ್ತಾರೆ. ಹಾಗೆ ಮಾಡಿದರೆ ನಿಮ್ಮ ನಡತೆ ಬದಲಾದಾಗಿನ ಅವರ ನಡತೆ ಸಿಗುತ್ತದೆಯೇ ಹೊರತು ದಿನನಿತ್ಯದ್ದು ಸಿಗುವುದಿಲ್ಲ.

ನಿಮ್ಮ ಕಡೆಗೂ ಒಮ್ಮೆ ತಿರುಗಿ ನೋಡಿಕೊಳ್ಳಿ. ಮಗುವಿಗೂ ತಾಯಿಗೂ ಇರುವ ಬಾಂಧವ್ಯದ ಬಗೆಗಳನ್ನು 1987ರಲ್ಲಿ ಹೇಜನ್ ಮತ್ತು ಶೇವರ್ ಎಂಬ ಮನಶ್ಶಾಸ್ತ್ರಜ್ಞರು ದೊಡ್ಡವರ ಪ್ರೀತಿಗೆ ಅನ್ವಯಿಸಿ ನೋಡಿದರು: ನಿಶ್ಚಿಂತೆಯಿಂದ ಹತ್ತಿರ ಬರುವವರು, ಕೈಬಿಟ್ಟಾರೆಂದು ಸದಾ ಅಂಜುವವರು, ಹತ್ತಿರ ಬಂದರೆ ಹಿಂದೆ ಸರಿಯುವವರು. ಎರಡನೇ ಬಗೆಯವರಿಗೆ ನಿಯಮಿತವಾಗಿ ಫೋನ್ ಮಾಡುವ ಮನುಷ್ಯ ಮೊದಮೊದಲು ಸಪ್ಪೆ ಎನಿಸುವುದುಂಟು, ಏಕೆಂದರೆ ಅಂಜಿಕೆಗೆ ಅಲ್ಲಿ ಕೆಲಸವೇ ಇರುವುದಿಲ್ಲ. ಇಂಥ ಸಪ್ಪೆತನ ಕೆಲವು ತಿಂಗಳಲ್ಲಿ ಕಡಿಮೆಯಾಗುವುದುಂಟು.

ಕಾಲದ ಲೆಕ್ಕವನ್ನೂ ಸೇರಿಸುತ್ತೇನೆ. ಒಬ್ಬರ ಧ್ಯಾನದಲ್ಲೇ ಮುಳುಗಿರುವ ಸ್ಥಿತಿಯನ್ನು ವಿವರವಾಗಿ ಅಭ್ಯಾಸ ಮಾಡಿದ ಡೊರೊತಿ ಟೆನೊವ್ 1979ರಲ್ಲಿ ಅದರ ಆಯುಷ್ಯವನ್ನು ಸುಮಾರು ಒಂದೂವರೆಯಿಂದ ಮೂರು ವರ್ಷ ಎಂದು ಅಂದಾಜಿಸಿದ್ದರು. ಮನೆ ಸಾಲದ ಕಂತು ಅದಕ್ಕಿಂತ ಬಹಳ ಉದ್ದ.

ತೊಗರಿ_ಹೊಲ (ಸೇಡಂ)

ಮ್ಯಾಲಿನವರು ಮನಸ್ಸಿಂದು ಹೇಳ್ಯಾರ, ನಾ ರೊಕ್ಕದ ಮಾತು ಹೇಳ್ತೀನಿ. ಯಾಕಂದ್ರ ನಮ್ಮ ಕಡಿ ಮನಿಯವರು ನೋಡೋದು ಪಗಾರ. ಸರ್ಕಾರಿ ನೌಕರಿ, 371(ಜೆ) ಒಳಗ (ಕಲ್ಯಾಣ ಕರ್ನಾಟಕದವರ ಮೀಸಲಾತಿ) ಸೀಟು ಸಿಕ್ಕದ, ಊರು ಬಿಟ್ಟು ಹೋಗೋದಿಲ್ಲ, ಮತ್ತೇನ್ ಬೇಕು ಅಂತಾರ. ಪಗಾರ ತಿಂಗಳಾ ತಪ್ಪದ ಬರೋದು ಸರ್ಕಾರದ ಗುಣ, ಹುಡುಗಂದಲ್ಲ. ಆ ಪಗಾರ ಏನ್ ಮಾಡ್ತಾನ ಅನ್ನೋದು ಹುಡುಗಂದು.

ನಿಶ್ಚಯಕ್ಕ ಮೊದಲ ಒಂದು ದಿನ ಇಬ್ಬರೂ ಕುಂತು ಕಾಗದ ನೋಡ್ರಿ. ಮೂರು ತಿಂಗಳ ಪಗಾರ ಚೀಟಿ, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಒಂದು ಕ್ರೆಡಿಟ್ ವರದಿ. ಕ್ರೆಡಿಟ್ ವರದಿ ಸಿಬಿಲ್ ಸೇರಿ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮಿ ಪುಕ್ಕಟ ಕೊಡಬೇಕಂತ ರಿಸರ್ವ್ ಬ್ಯಾಂಕಿನ ನಿಯಮ ಅದ. ಭಾಳ ಮಂದಿ 300ರಿಂದ 900ರ ನಡುವಿನ ಸ್ಕೋರ್ ಅಷ್ಟೇ ನೋಡಿ ಮುಚ್ಚಿಡ್ತಾರ. ಕೆಳಗ ಒಂದೊಂದು ಸಾಲದ ಮುಂದ ತಿಂಗಳವಾರು ಸಣ್ಣ ಸಣ್ಣ ಚೌಕ ಇರ್ತಾವ, ಮೂರು ವರ್ಷದ ತನಕ ಹಿಂದಿಂದು ಕಾಣ್ತದ. ಚೌಕದಾಗ ಮೂರು ಸೊನ್ನಿ ಇದ್ರ ಕಂತು ವ್ಯಾಳ್ಯಾಕ್ಕ ಕಟ್ಟ್ಯಾರ. 030, 060 ಅಂತಿದ್ರ ಅಷ್ಟು ದಿನ ತಡ. ಒಂದು ತಿಂಗಳು ತಪ್ಪಿದ್ರ ದವಾಖಾನಿ ಖರ್ಚೋ ಏನೋ ಇರ್ತದ, ಕೇಳ್ರಿ, ಹೇಳ್ತಾರ. ಪ್ರತಿ ಮೂರು ತಿಂಗಳಿಗೊಮ್ಮಿ ತಪ್ಪಿದ್ರ ಅದು ಚಾಳಿ. ಆಮ್ಯಾಲ ಕಳೆದ ಒಂದು ವರ್ಷದಾಗ ಎಷ್ಟು ಹೊಸ ಸಾಲ ತೆಗೆದಾರ ನೋಡ್ರಿ. ಐದು ಸಾವಿರ, ಹತ್ತು ಸಾವಿರದ ಆಪ್ ಸಾಲ ನಾಲ್ಕೈದು ಸಾಲಾಗಿ ನಿಂತಿದ್ರ ಐಪಿಎಲ್ ಬೆಟ್ಟಿಂಗ್ ಇಲ್ಲ ಹಳೀ ಸಾಲ ತೀರಿಸಲಿಕ್ಕ ಹೊಸ ಸಾಲ, ಇವೆರಡರಾಗ ಒಂದು ಇರೋ ಸಂಭವ ಭಾಳ. ಬ್ಯಾಂಕ್ ಸ್ಟೇಟ್‌ಮೆಂಟ್ ಬಾಜೂಕಿಟ್ಟು ನೋಡಿದ್ರ ಯಾವುದು ಅಂತ ತಿಳೀತದ.

ಕೈಗೆ ಬರೋ ಪಗಾರದಾಗ ಶೇಕಡಾ 40ಕ್ಕಿಂತ ಹೆಚ್ಚು ಕಂತಿಗೇ ಹೋಗ್ತಿದ್ರ ಲಗ್ನದ ಖರ್ಚು ಯಾರ ತಲಿ ಮ್ಯಾಲ ಬೀಳ್ತದ ಅಂತ ಮೊದಲೇ ಕೇಳ್ರಿ. ತಂಗಿ ಲಗ್ನದ ಸಾಲ, ಅಪ್ಪನ ಬೆಳಿ ಸಾಲ ಇರೋದು ತಪ್ಪಲ್ಲ. ಮುಚ್ಚಿಡೋದು ತಪ್ಪು. ಸಾಲ ಇದ್ದು ಬಾಯಿಬಿಟ್ಟು ಹೇಳಿದವ ಸಾಲ ಇಲ್ಲದೇ ಸುಳ್ಳು ಹೇಳೋನಕಿಂತ ಎಷ್ಟೋ ಪಾಲು ಗಟ್ಟಿ.

ಒಕ್ಕಲುತನದ ಮನಿಯವರಾದ್ರ ತಿಂಗಳ ಲೆಕ್ಕ ಹಿಡೀಬ್ಯಾಡ್ರಿ. ತೊಗರಿ ಜೂನ್-ಜುಲೈಕ್ಕ ಬಿತ್ತಿದ್ರ ರಾಶಿ ಆಗಿ ರೊಕ್ಕ ಕೈಗೆ ಬರೋದು ಡಿಸೆಂಬರ್-ಜನವರಿ, ಒಮ್ಮೊಮ್ಮಿ ಫೆಬ್ರವರಿ. ಅಂಥ ಮನ್ಯಾಗ ಫೆಬ್ರವರಿ ತಿಂಗಳಾಗ ಎಲ್ಲಾರೂ ಧಾರಾಳಿಗಳೇ. ಆಗಸ್ಟ್, ಸೆಪ್ಟೆಂಬರ್‌ದಾಗ ಹ್ಯಾಂಗ ಇರ್ತಾರ, ಅಡತಿ ಅಂಗಡಿಯಿಂದ ಮುಂಗಡ ತಂದು ಏನಕ್ಕ ಖರ್ಚು ಮಾಡ್ತಾರ, ಆವಾಗ ಮನ್ಯಾಗ ಯಾರ ಮ್ಯಾಲ ಸಿಟ್ಟು ತೀರಿಸ್ಕೋತಾರ, ಅದನ್ನ ನೋಡ್ರಿ. ನೀವು ಒಂದು ಮುಂಗಾರು ಒಂದು ಹಿಂಗಾರು ನೋಡಿದ್ರೇ ಮನಿತನ ಗೊತ್ತಾಗೋದು. ದೀಪಾವಳಿ ಒಳಗ ಹೇಳಬೇಕಂದ್ರ, ಈಗಿಂದ ದೀಪಾವಳಿ ತನಕ ಬಿಕ್ಕಟ್ಟಿನ ಕಾಲನೇ, ನೋಡಲಿಕ್ಕ ಬೇಷ್ ಅದ.

ಬೆಂಗಳೂರಿನವರಿಗೂ ಇದೇ ಪರೀಕ್ಷಿ ಹಚ್ಚ್ರಿ. ಒಬ್ಬರಿಗೆ ಕಾಗದ, ಇನ್ನೊಬ್ಬರಿಗೆ ಬರೀ ಕಣ್ಣು ಅಂತ ಮಾಡಬ್ಯಾಡ್ರಿ.

ಕೋಟೆ_ಬಾಗಿಲು (ಬೀದರ್)

ಎರಡನೇ ಪ್ರಶ್ನೆಗೆ: ಗಟ್ಟಿ ಮನುಷ್ಯನಿಗೂ ಸಪ್ಪೆ ಮನುಷ್ಯನಿಗೂ ಇರುವ ವ್ಯತ್ಯಾಸ ಜಗಳದಲ್ಲಿ ಗೊತ್ತಾಗುತ್ತದೆ, ಬೇರೆಲ್ಲೂ ಅಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ಅವರೊಡನೆ ಇದುವರೆಗೆ ಒಂದೂ ಜಗಳ ಆಗಿಲ್ಲ ಎಂದರೆ ನಿಮಗೆ ಅವರ ಪರಿಚಯ ಅರ್ಧ ಮಾತ್ರ.

ದಂಪತಿಗಳ ಜಗಳವನ್ನು ಪ್ರಯೋಗಾಲಯದಲ್ಲಿ ದಶಕಗಟ್ಟಲೆ ಚಿತ್ರೀಕರಿಸಿ ಅಭ್ಯಾಸ ಮಾಡಿದವರು ಅಮೆರಿಕದ ಜಾನ್ ಗಾಟ್‌ಮನ್. ಸಂಬಂಧ ಮುರಿಯುವ ಮುನ್ಸೂಚನೆ ಎಂದು ಅವರು ಗುರುತಿಸಿದ ನಡವಳಿಕೆ ನಾಲ್ಕು: ವ್ಯಕ್ತಿಯನ್ನೇ ಹೀಗಳೆಯುವುದು, ತಿರಸ್ಕಾರ, ತನ್ನದೇನೂ ತಪ್ಪಿಲ್ಲವೆಂದು ತಿರುಗಿಬೀಳುವುದು, ಗೋಡೆಯಂತೆ ಸುಮ್ಮನಾಗಿಬಿಡುವುದು. ಇವುಗಳಲ್ಲಿ ತಿರಸ್ಕಾರ ಎಲ್ಲಕ್ಕಿಂತ ಕೆಟ್ಟದ್ದು. 'ನಿನ್ನೆ ಎಂಟಕ್ಕೆ ಮಾಡ್ತೀನಂದಿ, ಮಾಡಲಿಲ್ಲ, ಕಾದು ಕುಂತೆ' ಎಂಬುದು ದೂರು. 'ನಿಂದು ಯಾವಾಗಲೂ ಇದೇ ಹಣೇಬರ' ಎಂಬುದು ಹೀಗಳೆಯುವುದು. 'ನಿಮ್ಮ ಮನಿತನನೇ ಅಷ್ಟು' ಎಂದು ತುಟಿ ಒಂದು ಕಡೆ ಎಳೆದು ನಕ್ಕರೆ ತಿರಸ್ಕಾರ. ಜೋರು ದನಿಗಿಂತ ಆ ನಗುವಿಗೆ ಅಂಜಬೇಕು.

ನಿಮ್ಮ ಪ್ರಶ್ನೆಗೆ ಮುಖ್ಯವಾದದ್ದು ನಾಲ್ಕನೆಯದು. ಮೌನಿಯನ್ನು ನಮ್ಮಲ್ಲಿ ಬಲು ಬೇಗ 'ಶಾಂತ ಸ್ವಭಾವ' ಎಂದುಬಿಡುತ್ತೇವೆ. ಜಗಳದ ನಡುವೆ ಎದ್ದುಹೋಗಿ ಎರಡು ದಿನ ಮಾತು ಬಿಡುವುದು ಶಾಂತಿಯಲ್ಲ. ನಾಡಿ ಬಡಿತ ನಿಮಿಷಕ್ಕೆ 100 ದಾಟಿದಾಗ ಎದುರಿನವರ ಮಾತು ತಲೆಗೆ ಹೋಗುವುದಿಲ್ಲ, ಕನಿಷ್ಠ 20 ನಿಮಿಷ ಬಿಡುವು ಬೇಕು ಎಂದು ಗಾಟ್‌ಮನ್ ಹೇಳುತ್ತಾರೆ. ಹಾಗಾಗಿ ಬಿಡುವು ತೆಗೆದುಕೊಳ್ಳುವುದು ತಪ್ಪಲ್ಲ. 'ಈಗ ಬ್ಯಾಡ, ಒಂಬತ್ತಕ್ಕ ಮಾತಾಡೋಣು' ಎಂದು ಹೊತ್ತು ಹೇಳಿ ಹೋಗಿ, ಒಂಬತ್ತಕ್ಕೆ ತಾವೇ ಮಾತು ತೆಗೆಯುವವರು ಗಟ್ಟಿ. ಹೊತ್ತು ಹೇಳದೆ ಹೋಗಿ, ಮರುದಿನ ಏನೂ ಆಗದವರ ಹಾಗೆ 'ಊಟ ಆಯ್ತಾ' ಎನ್ನುವವರ ಜೊತೆ ಒಂದೂ ವಿಷಯ ಇತ್ಯರ್ಥವಾಗುವುದಿಲ್ಲ.

ಮುಂದಿನ ಸಲ ಭಿನ್ನಾಭಿಪ್ರಾಯ ಬಂದಾಗ ಸುಮ್ಮನೆ ಎಣಿಸಿ ನೋಡಿ. ಗಟ್ಟಿ ಜೋಡಿಗಳು ವಾದದ ನಡುವೆಯೂ ಒಂದು ಕಹಿ ಮಾತಿಗೆ ಐದು ಒಳ್ಳೆಯ ಮಾತು, ತಲೆದೂಗುವಿಕೆ, ನಗೆ ಇಟ್ಟುಕೊಂಡಿರುತ್ತವೆ ಎಂಬುದು ಅವರ ಇನ್ನೊಂದು ಲೆಕ್ಕ. ದಂಪತಿಗಳ ತಕರಾರುಗಳಲ್ಲಿ ಶೇ. 69ರಷ್ಟು ಎಂದೂ ಬಗೆಹರಿಯದೆ ಮರುಕಳಿಸುವಂಥವು ಎಂದೂ ಹೇಳಿದ್ದಾರೆ. ಆದ್ದರಿಂದ ಇವರಿಬ್ಬರಲ್ಲಿ ಯಾರ ಜೊತೆ ಜಗಳವಿಲ್ಲ ಎಂದು ಹುಡುಕಬೇಡಿ, ಯಾರ ಜೊತೆಗಿನ ಜಗಳ ಮೂವತ್ತು ವರ್ಷ ತಡೆದುಕೊಳ್ಳಬಹುದು ಎಂದು ನೋಡಿ.

ಸುಮ್ನೆ_ಓದುಗ (ಯಾದಗಿರಿ)

ಎಲ್ಲಾರೂ ನೆಮ್ಮದಿ ಪರ ನಿಂತಿದ್ದಕ್ಕ ಒಂದೆರಡು ತಕರಾರು ಅದಾವ.

ಒಂದು, ವಯಸ್ಸಾಯ್ತು, ಮಂದಿ ಏನಂತಾರ ಅಂತ ಅಂಜಿ ಆರಿಸ್ಕೊಳ್ಳೋದನ್ನ ಸ್ಥಿರತೆ ಅನಬ್ಯಾಡ್ರಿ. ಎರಡು, ಸತ್ತ ಸಂಬಂಧನೂ ಹೊರಗಿಂದ ಶಾಂತನೇ ಕಾಣ್ತದ. ಗುರುತು ಹಿಡಿಯೋ ಸುಲಭ ದಾರಿ, ಒಳ್ಳೇ ಸುದ್ದಿ. ನಿಮಗ ಪರೀಕ್ಷಾದಾಗ ಪಾಸಾದ ಸುದ್ದಿನೋ, ಬಡ್ತಿ ಸುದ್ದಿನೋ ಬಂತಂದ್ರ ಮೊದಲ ಅವರಿಗೆ ಹೇಳಬೇಕು ಅನಸ್ತದೇನು? ಹೇಳಿದಾಗ 'ಹೌದಾ, ಹ್ಯಾಂಗಾಯ್ತು, ಏನ್ ಕೇಳಿದ್ರು' ಅಂತ ಬೆಳಸ್ತಾರೋ, 'ಛಲೋ ಆತು ಬಿಡು' ಅಂತ ಮುಗಸ್ತಾರೋ? ಶೆಲ್ಲಿ ಗೇಬಲ್ ಅನ್ನೋ ಸಂಶೋಧಕಿ ತಂಡ 2004, 2006ರಾಗ ಇದನ್ನೇ ನೋಡ್ಯದ. ಸುಖದ ಸುದ್ದಿಗೆ ಹುರುಪಿಲೆ ಸ್ಪಂದಿಸೋದು ಸಂಬಂಧದ ಆರೋಗ್ಯ ಹೇಳ್ತದ, ಕಷ್ಟದಾಗ ಆಗೋದರಷ್ಟೇ ಅದೂ ಮುಖ್ಯ ಅಂತ. ಮೂರು ಸಲ ಒಳ್ಳೇ ಸುದ್ದಿ ಹೇಳಿ ಮೂರು ಸಲನೂ 'ಛಲೋ ಆತು ಬಿಡು' ಬಂದ್ರ ಸಪ್ಪಿ ಅಂತ ತಿಳೀರಿ. ಮೈ ಮುಟ್ಟಿದ್ರ ಹಿಂದಕ್ಕ ಸರೀಬೇಕು ಅನಸ್ತಿದ್ರೂ ನೆಮ್ಮದಿ ಅಂತ ಒಪ್ಪಿಸ್ಕೋಬ್ಯಾಡ್ರಿ, ಲಗ್ನ ಆದ ಮ್ಯಾಲ ತಾನೇ ಸರಿ ಹೋಗ್ತದ ಅನ್ನೋ ದೊಡ್ಡವರ ಮಾತು ನಂಬಿ ಕೂಡೋ ವಿಷಯ ಅದಲ್ಲ.

ಹುರುಪು ಇದ್ದೂ ರೋಮಾಂಚನ ಇಲ್ಲ ಅಂದ್ರ ಅದಕ್ಕ ಮದ್ದದ. ಆರ್ಥರ್ ಆರನ್ (ಮ್ಯಾಲಿನ ತೂಗುಸೇತುವೆಯವರೇ) 2000ದಾಗ ಜೋಡಿಗಳನ್ನ ಕರೆಸಿ, ಕೈಗೆ ಕೈ ಕಾಲಿಗೆ ಕಾಲು ಪಟ್ಟಿಲೆ ಕಟ್ಟಿ, ನಡುವ ಒಂದು ದಿಂಬು ಇಟ್ಟು, ಚಾಪಿ ಮ್ಯಾಲ ಅಂಬೆಗಾಲಿಲೆ ದಾಟಿಸಿದರು. ಏಳು ನಿಮಿಷದ ಕೆಲಸ. ಸುಮ್ಮ ಸಾದಾ ಕೆಲಸ ಮಾಡಿದ ಜೋಡಿಗಳಕಿಂತ ಇವರು ತಮ್ಮ ಸಂಬಂಧಕ್ಕ ಹೆಚ್ಚು ಮಾರ್ಕು ಕೊಟ್ರು. ಇಬ್ಬರಿಗೂ ಹೊಸದಿರಬೇಕು, ಸ್ವಲ್ಪ ಕಷ್ಟ ಇರಬೇಕು, ಕೂಡೇ ಮಾಡಬೇಕು. ಮೂರೂ ಬೇಕು. ಬಾಜೂ ಬಾಜೂ ಕುಂತು ಸಿನಿಮಾ ನೋಡಿದ್ರ ಮೂರನೇದು ಬಿಟ್ಟಹೋಗ್ತದ, ಅವನಿಗೆ ಗೊತ್ತಿದ್ದ ಊರಿಗೆ ನಿಮ್ಮನ್ನ ಕರ್ಕೊಂಡು ಹೋದ್ರ ಮೊದಲನೇದು.

ನಮ್ಮ ಕಡಿ ಜಾಗಕ್ಕೇನು ಬರ ಇಲ್ಲ. ಮುಂಜಾನಿ ಯಾದಗಿರಿ ಕೋಟಿ ಹತ್ರಿ. ಕಲಬುರಗಿಯಿಂದ ಬೀದರಿಗೆ 2017ರಿಂದ ರೈಲು ಅದ, ಅಲ್ಲಿ ಬಿದರಿ ಕೆಲಸದವರ ಹತ್ರ ಕುಂತು ಕೋಟಿ ಮಣ್ಣು, ನವಸಾಗರ ಹಚ್ಚಿದ್ರ ಸತುವಿನ ಹೂಜಿ ಕರ್ರಗಾಗಿ ಬೆಳ್ಳಿ ಎಳಿ ಮಾತ್ರ ಬೆಳ್ಳಗ ಉಳಿಯೋದು ಹ್ಯಾಂಗ ಅಂತ ನೋಡ್ರಿ. ಸನ್ನತಿ ಹತ್ರದ ಕನಗನಹಳ್ಳಿ ಸ್ತೂಪದಾಗ ಅಶೋಕನ ಹೆಸರು ಕೆತ್ತಿದ ಉಬ್ಬುಶಿಲ್ಪ ಹುಡುಕ್ರಿ. ನವೆಂಬರಿಂದ ಫೆಬ್ರವರಿ ಒಳಗ ಹೋಗ್ರಿ. ಮೇ ತಿಂಗಳಾಗ 42 ಡಿಗ್ರಿ ಬಿಸಲಾಗ ಕೋಟಿ ಹತ್ತಿದ್ರ ಬರೋದು ಪ್ರೀತಿ ಅಲ್ಲ, ಜಗಳ.

ಇನ್ನೊಂದು, ಯಾರೂ ಹೇಳಿಲ್ಲ. ಬೆಂಗಳೂರಿನವರ ವಿಷಯ ಮನ್ಯಾಗ ಗೊತ್ತದೇನು? ಕದ್ದುಮುಚ್ಚಿ ನಡೆಯೋ ಸಂಬಂಧಕ್ಕ ಕದ್ದುಮುಚ್ಚೋದರಿಂದನೇ ಒಂದು ಕಸುವು ಬರ್ತದ. 1994ರಾಗ ವೆಗ್ನರ್ ಅನ್ನೋ ಮನಶ್ಶಾಸ್ತ್ರಜ್ಞರ ತಂಡ ಗುರುತಿಲ್ಲದ ಗಂಡು-ಹೆಣ್ಣನ್ನ ಜೋಡಿ ಮಾಡಿ ಇಸ್ಪೀಟ್ ಆಡಿಸಿ, ಕೆಲವು ಜೋಡಿಗೆ ಮೇಜಿನ ಕೆಳಗ ಪಾದಕ್ಕ ಪಾದ ತಾಗಿಸಿ ಕೂಡ್ರಿ, ಎದುರಿನವರಿಗೆ ತಿಳೀಬಾರದು ಅಂತ ಹೇಳ್ತು. ಗುಟ್ಟಾಗಿ ತಾಗಿಸಿದವರಿಗೆ ಒಬ್ಬರ ಮ್ಯಾಲ ಒಬ್ಬರಿಗೆ ಸೆಳೆತ ಹೆಚ್ಚಾಗಿತ್ತು, ಎಲ್ಲಾರಿಗೂ ಗೊತ್ತಿದ್ದೇ ತಾಗಿಸಿದವರಿಗೆ ಅಷ್ಟಿರಲಿಲ್ಲ. ಎಲ್ಲಿ ಹೋದ್ರೂ ಒಬ್ಬ ಗುರುತಿನವರು ಸಿಗೋ ಊರಾಗ ಈ ಕಸುವು ಇನ್ನೂ ಜಾಸ್ತಿ. ಮನ್ಯಾಗ ಹೇಳಿ ಒಂದು ತಿಂಗಳು ನೋಡ್ರಿ, ಎಷ್ಟು ಉಳೀತದ ಅಂತ.

ಕಚೇರಿ_ಕಾಗದ (ಕಲಬುರಗಿ)

ಚಿಕ್ಕದಾಗಿ ಎರಡು ಮಾತು.

ಜಾತಿ, ಧರ್ಮ ಬೇರೆ ಇದ್ದು 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಎಂದಾದರೆ: ಇಬ್ಬರಲ್ಲೊಬ್ಬರು ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನ ವಾಸವಿರಬೇಕು, ವಿವಾಹಾಧಿಕಾರಿಗೆ ನೋಟಿಸ್ ಕೊಟ್ಟು ಆಕ್ಷೇಪಣೆಗೆ 30 ದಿನ ಕಾಯಬೇಕು, ಮೂವರು ಸಾಕ್ಷಿಗಳು ಬೇಕು, ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗಬೇಕು, ಇಲ್ಲವಾದರೆ ಹೊಸ ನೋಟಿಸ್. 'ಓಡಿ ಹೋಗೋಣ ಬಾ' ಎನ್ನುವವರಿಗೆ ಈ ಪಟ್ಟಿ ಕಳಿಸಿ. ವಿಳಾಸದ ದಾಖಲೆ ಹೊಂದಿಸಿಕೊಂಡು, ಸಾಕ್ಷಿಗಳನ್ನು ಒಪ್ಪಿಸಿ, ರಜೆ ಹಾಕಿ ಬರುತ್ತಾರೋ ಇಲ್ಲವೋ ತಿಳಿಯುತ್ತದೆ.

ಎರಡನೆಯದು, ಹಿಡಿತವನ್ನು ಸ್ಥಿರತೆ ಎಂದು ತಿಳಿಯಬೇಡಿ. ಎಂಟಕ್ಕೆ ತಾನು ಫೋನ್ ಮಾಡುವುದು ಬೇರೆ, ಎಂಟಕ್ಕೆ ನೀವು ಎತ್ತಲೇಬೇಕು ಎನ್ನುವುದು ಬೇರೆ. ಒಂದು ದಿನ 'ಇವತ್ತು ಆಗಲ್ಲ, ನಾಳೆ ಮಾತಾಡೋಣ' ಎಂದಾಗ ಏನಾಗುತ್ತದೆ ನೋಡಿ. ಲೊಕೇಶನ್, ಪಾಸ್‌ವರ್ಡ್, ನಿಮ್ಮ ಎಟಿಎಂ ಕಾರ್ಡ್ ಕೇಳುವವರಿದ್ದರೆ ಅಲ್ಲಿಗೇ ನಿಲ್ಲಿಸಿ. ಮದುವೆಯ ನಂತರ ಹಣ ಕಿತ್ತುಕೊಳ್ಳುವುದು, ಖರ್ಚಿಗೆ ಕೊಡದಿರುವುದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಆರ್ಥಿಕ ದೌರ್ಜನ್ಯವೇ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಬರೀ ಮನಸ್ಸು ಗೊಂದಲವಾಗಿ ನಿದ್ದೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

ಬಿಸಿಲೂರು_ಹುಡುಗಿ

ಎಲ್ಲಾರಿಗೂ ಭಾಳ ಥ್ಯಾಂಕ್ಸ್ ರಿ. ನೋಟ್‌ಬುಕ್ ಇವತ್ತಿಂದ ಶುರು ಮಾಡ್ತೀನಿ. ತೊಗರಿ ಹೊಲದ ಅಣ್ಣಾರ, ಕಾಗದದ ಮಾತು ತೆಗೆಯೋದು ಹ್ಯಾಂಗ ಅದೊಂದು ಹೇಳ್ರಿ. ಇನ್ನೂ ನಿಶ್ಚಯನೇ ಆಗಿಲ್ಲ, ಸಿಬಿಲ್ ತೋರ್ಸು ಅಂದ್ರ ಬ್ಯಾಂಕಿನ ವಸೂಲಿಯವರು ಬಂದಂಗ ಆಗ್ತದಲ್ಲ.

ತೊಗರಿ_ಹೊಲ (ಸೇಡಂ)

ಮೊದಲ ನಿಮ್ಮದು ಮುಂದ ಇಡ್ರಿ ತಂಗಿ. 'ನಾ ನನ್ನ ವರದಿ ತೆಗಿಸೀನಿ, ನನ್ನ ಮ್ಯಾಲ ಇಷ್ಟು ಸಾಲ ಅದ, ಅವ್ವಗ ತಿಂಗಳಾ ಇಷ್ಟು ಕೊಡ್ತೀನಿ, ಲಗ್ನ ಆದ ಮ್ಯಾಲೂ ಕೊಡ್ತೀನಿ' ಅಂತ ಅಂಕಿ ಹೇಳಿ ಸುಮ್ಮ ಕೂಡ್ರಿ. ನಿಂದು ತೋರ್ಸು ಅನಬ್ಯಾಡ್ರಿ. ಒಂದು ವಾರದಾಗ ತಾವಾಗೇ ಹೇಳಿದ್ರ ಛಲೋ. ಹೇಳಲಿಲ್ಲ ಅಂದ್ರ ಒಮ್ಮಿ ನೇರ ಕೇಳ್ರಿ. ಫೋನ್‌ದಾಗ ಕೇಳಬ್ಯಾಡ್ರಿ, ಎದುರಾ ಎದುರು ಕೇಳ್ರಿ, ಮನಿ ಮಂದಿ ಮುಂದ ಅಂತೂ ಬ್ಯಾಡೇ ಬ್ಯಾಡ. ಹಿರಿಯರ ಮುಂದ ಯಾವ ಹುಡುಗನೂ ಖರೆ ಅಂಕಿ ಹೇಳೋದಿಲ್ಲ. ಪಿಡಿಎಫ್‌ಗೆ ಪಾಸ್‌ವರ್ಡ್ ಇರ್ತದ, ಅವರ ಫೋನ್‌ದಾಗ ಅವರೇ ತೆಗೆದು ತೋರಿಸಲಿ, ನಿಮಗ ಕಳಿಸೋದು ಬ್ಯಾಡ. ನಿಮ್ಮದೂ ಅವರಿಗೆ ಕಳಿಸಬ್ಯಾಡ್ರಿ, ಪ್ಯಾನ್ ನಂಬರು, ವಿಳಾಸ ಎಲ್ಲಾ ಅದ್ರಾಗ ಇರ್ತಾವ.